ಮೊಣಕಾಲಿನ ಗುರುತು

ನೀರಣ್ಣನಿಗೆ ತನ್ನ ಷಡ್ಡಕನನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅವನ ಬಳಿ ಒಂದು ಮೂಟೆ ಕಾರಣಗಳಿದ್ದವು, ಆದರೆ ಒಂದನ್ನೂ ನಾಲ್ಕು ಜನರ ಮುಂದೆ ಬಿಚ್ಚುವ ಹಾಗಿರಲಿಲ್ಲ. ಷಡ್ಡಕ ಕುಡಿಯುತ್ತಿರಲಿಲ್ಲ, ಸಾಲ ಕೇಳುತ್ತಿರಲಿಲ್ಲ, ಹೆಂಡತಿಯ ಮೇಲೆ ರೇಗುತ್ತಿರಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಹಲ್ಲು ಬಿಟ್ಟು "ಅಣ್ಣಾ, ಊಟ ಆಯ್ತಾ?" ಎನ್ನುತ್ತಿದ್ದ. ಇಂಥವನ ಮೇಲೆ ಯಾವ ಬಾಯಿಂದ ದೂರು ಹೇಳುವುದು? ಕೆಟ್ಟವನಾಗಿದ್ದರೆ ಎಷ್ಟೋ ಅನುಕೂಲವಿತ್ತು.

ಇಬ್ಬರಿಗೂ ಒಂದೇ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಹೊಗೆ ತುಂಬಿದ ಮನೆಯೊಳಗೆ ಎಲ್ಲರಿಗಿಂತ ಮುಂದೆ ಪೈಪು ಹಿಡಿದು ನುಗ್ಗುವವನು ಎಂದು ಹಿರಿಯನಿಗೆ ನೀರಣ್ಣ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಕಿರಿಯವನು ಕಡ್ಡಿಯಂತೆ ಸಣ್ಣಗಿದ್ದ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ. ಹಾಗಾಗಿ ಅವನು ಪೆನ್ಸಿಲ್. ಹೊಟ್ಟೆ ಉರಿಸುವ ಸಂಗತಿ ಏನೆಂದರೆ, ಈ ಪೆನ್ಸಿಲನ್ನು ಹುಡುಕಿ ತಂದು ಹೆಂಡತಿಯ ತಂಗಿಗೆ ಗಂಟು ಹಾಕಿಸಿದವನು ಸ್ವತಃ ನೀರಣ್ಣನೇ. "ಒಳ್ಳೆ ಹುಡುಗ ಮಾವ, ನಮ್ಮ ಠಾಣೆಯವನೇ, ನಾನು ಗ್ಯಾರಂಟಿ," ಎಂದು ಎದೆ ತಟ್ಟಿಕೊಂಡು ಹೇಳಿದ್ದ. ಮದುವೆಯಾಗಿ ಒಂದು ವರ್ಷ ಕಳೆಯುವುದರೊಳಗೆ ಮಾವನ ಬಾಯಲ್ಲಿ ಬರೀ ಕಿರಿಯಳಿಯ, ಕಿರಿಯಳಿಯ. ಕೈಯಾರೆ ಕಲ್ಲು ತಂದು ತಲೆಯ ಮೇಲೆ ಹಾಕಿಕೊಂಡಂತಾಯಿತು.

ಮಾವನದು ಗಾಜು ಮತ್ತು ಫ್ರೇಮಿನ ಅಂಗಡಿ. ಜೀವಮಾನವೆಲ್ಲ ಬೇರೆಯವರ ಫೋಟೋಗಳಿಗೆ ಕಟ್ಟು ಹಾಕಿದ ಮನುಷ್ಯನಿಗೆ ತನ್ನ ಮನೆಯ ನಡುಮನೆಯ ಗೋಡೆಯ ಮೇಲೆ ಬಹಳ ಅಭಿಮಾನ. ಅಲ್ಲಿ ಸುಮ್ಮಸುಮ್ಮನೆ ಏನನ್ನೂ ತೂಗು ಹಾಕುತ್ತಿರಲಿಲ್ಲ. ದೊಡ್ಡ ಮಗಳ ನರ್ಸಿಂಗ್ ಸರ್ಟಿಫಿಕೇಟು ಇತ್ತು, ಚಿಕ್ಕ ಮಗಳ ಪದವಿಯದು ಇತ್ತು. ನೀರಣ್ಣನದು ಎಂದು ಇದ್ದದ್ದು ಮದುವೆಯ ಒಂದು ಫೋಟೋ ಮಾತ್ರ, ಅದರಲ್ಲೂ ಯಾರದೋ ಕೈ ಅಡ್ಡ ಬಂದು ಅವನ ಅರ್ಧ ಮುಖ ಕಾಣುತ್ತಿರಲಿಲ್ಲ. ಆ ಗೋಡೆಯ ಎದುರು ಕೂತು ಉಣ್ಣುವಾಗಲೆಲ್ಲ ಅವನಿಗೆ ಅಲ್ಲಿ ತನ್ನದೊಂದು ಕಾಗದ ಗಾಜಿನ ಹಿಂದೆ ಇರಬೇಕು ಎಂಬ ಆಸೆ ಹುಟ್ಟುತ್ತಿತ್ತು.

ಆಸೆಗೆ ಒಂದು ದಾರಿಯೂ ಇತ್ತು. ಬೆಂಕಿ ಆರಿಸಿದ ಮೇಲೆ, ಬೂದಿ ತಣ್ಣಗಾದ ಮೇಲೆ, ಟಾರ್ಚು, ಕ್ಯಾಮೆರಾ, ಕರಣೆ ಹಿಡಿದು ಒಬ್ಬ ಬರುತ್ತಾನೆ. ಬೆಂಕಿ ಮೊದಲು ಹತ್ತಿದ್ದು ಎಲ್ಲಿ, ಹತ್ತಿದ್ದು ಯಾಕೆ ಎಂದು ಹೇಳುವವನು ಅವನೇ. ಅವನು ಹೇಳಿದ್ದನ್ನು ಕೋರ್ಟು ಕೇಳುತ್ತದೆ, ವಿಮೆಯವರು ಕೇಳುತ್ತಾರೆ. ಆದರೆ ಅದಕ್ಕೆ ತನಿಖೆಗಾರನ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಮೂರು ಹಂತದ ಪರೀಕ್ಷೆ ದಾಟಬೇಕು. ಮೊದಲು ಬರವಣಿಗೆ, ಆಮೇಲೆ ಬೇಕೆಂದೇ ಸುಟ್ಟ ಒಂದು ಕೋಣೆಯ ತಪಾಸಣೆ, ಕೊನೆಗೆ ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿ ಪ್ರಶ್ನೆ. ಠಾಣೆಗೆ ಅಂಥ ಹುದ್ದೆ ಒಂದೇ ಒಂದು ಮಂಜೂರಾಗಿತ್ತು. ನೀರಣ್ಣನ ಬಲಭುಜ ಕೈಕೊಟ್ಟಿತ್ತು. ಇನ್ನು ಪೈಪು ಹಿಡಿಯಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ತನಿಖೆಗಾರನಾದರೆ ಬೆಂಕಿಯ ಹತ್ತಿರ ಉಳಿಯುತ್ತಾನೆ, ಇಲ್ಲವಾದರೆ ಉಗ್ರಾಣದಲ್ಲಿ ಕೂತು ಕೈಗವಸು ಹಂಚಬೇಕು. ಅವನ ಪಾಲಿಗೆ ಇದ್ದ ಲೆಕ್ಕ ಇಷ್ಟೇ.

ಹೋದ ವರ್ಷ ಒಂದು ಸಲ ಪ್ರಯತ್ನಿಸಿ ಫೇಲಾಗಿದ್ದ. ಸುಟ್ಟ ಕೋಣೆಯೊಳಗೆ ನುಗ್ಗಿದವನೇ ಎಲ್ಲಕ್ಕಿಂತ ಕಪ್ಪಾಗಿದ್ದ ಮೂಲೆಗೆ ಹೋಗಿ "ಇಲ್ಲೇ" ಎಂದುಬಿಟ್ಟಿದ್ದ. ಪರೀಕ್ಷಕಿ ನರೆಗೂದಲಿನ ಒಬ್ಬ ಹೆಂಗಸು. ಮಾತು ಮಾತಿಗೂ "ಯಾಕೆ?" ಎಂದು ಕೇಳುತ್ತಿದ್ದುದರಿಂದ ಅಭ್ಯರ್ಥಿಗಳೆಲ್ಲ ಹಿಂದಿನಿಂದ ಅವಳನ್ನು ಯಾಕಮ್ಮ ಎನ್ನುತ್ತಿದ್ದರು.

"ಆ ಮೂಲೆಯೇ ಯಾಕೆ?" ಎಂದಳು ಯಾಕಮ್ಮ.

"ಅನುಭವ ಮೇಡಮ್," ಎಂದ ನೀರಣ್ಣ, ಎದೆಯುಬ್ಬಿಸಿ.

"ಅನುಭವದ ಫೋಟೋ ತೆಗ್ದಿದ್ದೀರಾ?"

ಆ ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತು ನೀರಣ್ಣ ತನ್ನ ಸಂಕಟವನ್ನೆಲ್ಲ ಕಾರಿಕೊಂಡ. "ಕಪ್ಪಾಗಿದ್ದ ಕಡೆ ಹೋಗಬಾರ್ದಂತೆ ಮಾವ! ಎಲ್ಲಿ ಕಡಿಮೆ ಸುಟ್ಟಿದೆಯೋ ಅಲ್ಲಿಂದ ಶುರು ಮಾಡಿ ಜಾಸ್ತಿ ಸುಟ್ಟ ಕಡೆಗೆ ಬರಬೇಕಂತೆ. ವಸ್ತು ಎತ್ತಿದ್ರೆ ಅದರ ಕೆಳಗೆ ಸುಡದೆ ಉಳಿದ ಬಿಳೀ ಜಾಗ ನೋಡ್ಬೇಕಂತೆ, ಅದು ಅಲ್ಲೇ ಇತ್ತಾ ಯಾರಾದ್ರೂ ಸರಿಸಿದ್ರಾ ಅಂತ ಗೊತ್ತಾಗೋಕೆ. ಮನೆ ಹತ್ತಿ ಉರೀತಿದ್ರೆ ನಾವು ಬಿಳೀ ಜಾಗ ಹುಡುಕ್ತಾ ಕೂರೋಣ್ವಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೆನ್ಸಿಲ್ ಮಾತ್ರ ನಗಲಿಲ್ಲ. ಎಡಗೈಯಿಂದ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಪೇಪರಿನ ಅಂಚಿನಲ್ಲಿ ಏನೋ ಗೀಚಿಕೊಂಡ. ಮುಂದಿನ ಪರೀಕ್ಷೆಗೆ ಹೆಸರು ಕೊಟ್ಟವರಲ್ಲಿ ಅವನೂ ಒಬ್ಬ ಎಂದು ತಿಳಿದ ದಿನ ನೀರಣ್ಣನಿಗೆ ಆ ಗೀಚಾಟ ನೆನಪಾಗಿ ಮೈಯೆಲ್ಲ ಉರಿಯಿತು.

"ಅಣ್ಣಾ, ನಿಮಗೆ ಬೇಜಾರಿಲ್ಲ ತಾನೆ?" ಎಂದು ಪೆನ್ಸಿಲ್ ತಾನಾಗಿಯೇ ಬಂದು ಕೇಳಿದ. "ಒಂದೇ ಹುದ್ದೆ. ನೀವು ಬೇಡ ಅಂದ್ರೆ ಹೆಸರು ವಾಪಸ್ ತಗೋತೀನಿ."

"ನನಗ್ಯಾಕಪ್ಪಾ ಬೇಜಾರು? ಬರಿ, ಬರಿ. ನೀನೂ ಬರಿ," ಎಂದ ನೀರಣ್ಣ. ಬೇಡ ಎನ್ನಬೇಕೆಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಕೇಳಿ ಪಡೆದ ಹುದ್ದೆ ಎಂಬ ಮಾತು ಆಮೇಲೆ ಯಾರ ಬಾಯಿಂದಲಾದರೂ ಬಂದರೆ?

ಓದು ಶುರುವಾಯಿತು. ಇಬ್ಬರ ಮನೆಗಳೂ ಎದುರು ಬದುರು ಕಟ್ಟಡಗಳಲ್ಲಿದ್ದವು. ಸಂಜೆ ನೀರಣ್ಣ ಪುಸ್ತಕ ಬಿಡಿಸಿಕೊಂಡು ಕಿಟಕಿಯ ಬಳಿ ಕೂರುತ್ತಿದ್ದ, ಆದರೆ ಕಣ್ಣು ಮಾತ್ರ ಬೀದಿಯಾಚೆಯ ಕಿಟಕಿಯ ಮೇಲೆ. ಪೆನ್ಸಿಲ್ ಹಾಳೆ ಮಗುಚಿದರೆ ಇವನೂ ಮಗುಚುತ್ತಿದ್ದ. ಪೆನ್ಸಿಲ್ ಎದ್ದು ನೀರು ಕುಡಿದರೆ ಇವನಿಗೂ ಬಾಯಾರಿಕೆ.

"ರೀ, ನಿಮ್ಮ ಪುಸ್ತಕ ನೀವು ಓದಿ," ಎಂದಳು ಹೆಂಡತಿ. ನರ್ಸಿನ ಕೆಲಸ ಮಾಡಿ ಮಾಡಿ ಅವಳ ಮಾತು ಇಂಜೆಕ್ಷನ್ನಿನ ಹಾಗೆ ನೇರ. "ಪರೀಕ್ಷೇಲಿ ನನ್ನ ತಂಗಿ ಗಂಡನ ಬಗ್ಗೆ ಪ್ರಶ್ನೆ ಕೇಳಲ್ಲ."

"ಅವನನ್ನ ಯಾರು ನೋಡ್ತಿದಾರೆ? ಗಾಳಿಗೆ ಕೂತಿದೀನಿ."

"ಹೌದೌದು. ಕಿಟಕಿ ಬಾಗಿಲು ಮುಚ್ಚಿದೆ, ನೋಡಿ."

ಬರವಣಿಗೆಯಲ್ಲಿ ಇಬ್ಬರೂ ಪಾಸಾದರು. ಪೆನ್ಸಿಲಿಗೆ ಹೆಚ್ಚು ಅಂಕ ಬಂದಿತ್ತು. ಮಾವ ಫೋನು ಮಾಡಿ "ಇಬ್ಬರೂ ಗೆದ್ರಲ್ಲಪ್ಪಾ, ಸಂತೋಷ," ಎಂದರು. ಇಬ್ಬರೂ ಎಂಬ ಮಾತಿನಲ್ಲೇ ಒಂದು ಮುಳ್ಳಿತ್ತು. ಇಪ್ಪತ್ತು ವರ್ಷ ಹೊಗೆ ಕುಡಿದವನಿಗೂ ಮೊನ್ನೆ ಮೊನ್ನೆ ಬಂದವನಿಗೂ ಸೇರಿಸಿ ಒಂದೇ ಸಂತೋಷ! ನೀರಣ್ಣ ಫೋನಿಟ್ಟು ಗೋಡೆಯನ್ನೊಮ್ಮೆ ಗುದ್ದಿದ, ಅದೂ ಕೆಟ್ಟ ಭುಜದ ಕೈಯಿಂದ.

ಕೋಣೆಯ ಪರೀಕ್ಷೆ ಒಂದು ಖಾಲಿ ಮೈದಾನದಲ್ಲಿ. ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಒಳಗೆ ಗೋಡೆ, ಕಿಟಕಿ, ಮಂಚ, ಬೀರು ಎಲ್ಲ ಹೊಂದಿಸಿ, ಹಿಂದಿನ ದಿನ ಬೆಂಕಿ ಹಚ್ಚಿ ಆರಿಸಿದ್ದರು. ಒಂದು ಕೋಣೆಗೆ ಇಬ್ಬರು ಅಭ್ಯರ್ಥಿಗಳು, ಒಬ್ಬನಾದ ಮೇಲೆ ಒಬ್ಬ. ಎತ್ತಿದ್ದನ್ನು ಇದ್ದ ಹಾಗೇ ಇಟ್ಟು ಬರಬೇಕು ಎಂಬುದು ನಿಯಮ. ಚೀಟಿ ಎತ್ತಿದರು. ನೀರಣ್ಣನ ಕೋಣೆಗೆ ಅವನಿಗಿಂತ ಮೊದಲು ಹೋಗುವವನು ಯಾರು? ಬೇರೆ ಯಾರು ಆಗುತ್ತಾರೆ ಹೇಳಿ.

ಪೆನ್ಸಿಲ್ ಒಳಗೆ ಹೋದವನು ಬೇಗ ಬರಲಿಲ್ಲ. ನೀರಣ್ಣ ಹೊರಗೆ ಬೆಂಚಿನ ಮೇಲೆ ಕೂತು ಕಬ್ಬಿಣದ ಬಾಗಿಲನ್ನೇ ದಿಟ್ಟಿಸಿದ. ಅಷ್ಟು ಹೊತ್ತು ಏನು ನೋಡುತ್ತಿದ್ದಾನೆ? ಏನೋ ಸಿಕ್ಕಿರಬೇಕು. ಕೊನೆಗೆ ಬಾಗಿಲು ತೆರೆಯಿತು. ಪೆನ್ಸಿಲಿನ ಪ್ಯಾಂಟಿನ ಬಲ ಮೊಣಕಾಲು ಮಸಿಯಿಂದ ಕಪ್ಪಾಗಿತ್ತು, ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. "ಒಳ್ಳೇದಾಗ್ಲಿ ಅಣ್ಣಾ," ಎಂದ. ಮಾತಾಡಬಾರದು ಎಂದು ಯಾಕಮ್ಮನ ಸಹಾಯಕ ಗದರಿಸಿದ.

ಒಳಗೆ ಒದ್ದೆ ಬೂದಿಯ ವಾಸನೆ. ಆ ವಾಸನೆ ಮೂಗಿಗೆ ಬಿದ್ದೊಡನೆ ನೀರಣ್ಣನಿಗೆ ಅರ್ಧ ಧೈರ್ಯ ಬಂತು. ಈ ಸಲ ನುಗ್ಗಲಿಲ್ಲ. ಬಾಗಿಲಲ್ಲೇ ನಿಂತು ಕಣ್ಣು ಹಾಯಿಸಿದ. ಎಡಗಡೆ ಬೀರು, ಅದರ ಬುಡಕ್ಕೆ ಬೆಂಕಿ ಅಷ್ಟಾಗಿ ತಾಗಿರಲಿಲ್ಲ. ನಡುವೆ ಮಂಚ, ಕಿಟಕಿಯ ಕಡೆಯ ಅರ್ಧ ಮಾತ್ರ ಸುಟ್ಟಿತ್ತು. ಎದುರಿಗೆ ಕಿಟಕಿ, ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಹಲಗೆ ನಡುವೆ ತೂತಾಗಿ ಕುಸಿದಿತ್ತು, ಅದರಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಮೂತಿ ಕೆಳಗಾಗಿ ಸಿಕ್ಕಿಕೊಂಡಿತ್ತು. ಮೇಜಿನಿಂದ ಹೊರಟ ಮಸಿ ಗೋಡೆಯ ಮೇಲೆ ಮೇಲಕ್ಕೆ ಹೋದಂತೆ ಅಗಲವಾಗುತ್ತ ಚಾವಣಿ ಮುಟ್ಟಿತ್ತು. ವೈರು ಮೇಜಿನ ಕಾಲಿನ ಗುಂಟ ಇಳಿದು ಗೋಡೆಯ ಪ್ಲಗ್ಗಿಗೆ ಸೇರಿತ್ತು. ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತಿದ್ದಾರೆ, ಅಷ್ಟೆ. ನೀರಣ್ಣನ ಎದೆ ಹಗುರಾಯಿತು. ಕ್ಯಾಮೆರಾ ಎತ್ತಿ ಮೇಜಿನದೊಂದು ಫೋಟೋ ತೆಗೆದ.

ಇನ್ನೊಂದು ತೆಗೆಯುವಷ್ಟರಲ್ಲಿ ಕಣ್ಣು ನೆಲಕ್ಕೆ ಬಿತ್ತು. ಕೆಸರಿನಂಥ ಬೂದಿಯ ಮೇಲೆ ಪೆನ್ಸಿಲಿನ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು. ಬಾಗಿಲಿನಿಂದ ಮಂಚ, ಮಂಚದಿಂದ ಮೇಜು. ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತ ಗುರುತು. ಅಲ್ಲಿಂದ ಸೀದಾ ಬೀರುವಿನ ಹತ್ತಿರ. ಬೀರುವಿನ ಮುಂದೆ ಎರಡು ಮೊಣಕಾಲುಗಳ ಗುರುತು. ಬಲಗಡೆಯದು ಆಳವಾಗಿತ್ತು, ಎಡಗಡೆಯದು ಸೋಕಿದಂತಿತ್ತು. ಪಕ್ಕದಲ್ಲಿ ಎಡ ಅಂಗೈಯ ಅಚ್ಚು. ಒಂದು ಸಲ ಹೋಗಿ ಬಂದು ಇನ್ನೊಂದು ಸಲ ಹೋಗಿದ್ದ. ಮೇಜಿನ ಮುಂದೆ ಮಂಡಿಯೂರದವನು ಇಲ್ಲಿ ಯಾಕೆ ಊರಿದ?

ನೀರಣ್ಣ ಕ್ಯಾಮೆರಾ ಕೆಳಗಿಳಿಸಿದ. ಇಸ್ತ್ರಿ ಪೆಟ್ಟಿಗೆ ತೀರಾ ಸುಲಭವಾಯಿತಲ್ಲವೇ? ಯಾಕಮ್ಮ ಇಷ್ಟು ಸುಲಭದ ಕೋಣೆ ಕೊಡುವವಳಲ್ಲ. ಇದು ನನ್ನಂಥವರು ಬೀಳಲಿ ಎಂದು ಇಟ್ಟ ಬಲೆ. ಪೆನ್ಸಿಲ್ ಅದನ್ನು ಕಂಡುಹಿಡಿದಿದ್ದಾನೆ, ಕಳ್ಳ. ನೋಡು, ಎರಡು ಸಲ ಹೋಗಿದ್ದಾನೆ! ಆ ಅಂಕಗಳು ಸುಮ್ಮನೆ ಬಂದವಲ್ಲ. ಹೀಗೆ ಯೋಚಿಸಿದಷ್ಟೂ ಮೇಜು ಅವನ ಕಣ್ಣಿಗೆ ಮಂಕಾಗುತ್ತ ಬಂತು, ಬೀರು ದೊಡ್ಡದಾಗುತ್ತ ಬಂತು.

ಆಳವಾದ ಗುರುತು ಅಳಿಯದಂತೆ ಪಕ್ಕದಲ್ಲೇ ಮಂಡಿಯೂರಿ ಬೀರುವಿನ ಕೆಳಗೆ ಟಾರ್ಚು ಬಿಟ್ಟ. ಬೂದಿ ಕೆದಕಿದ. ಹಿಂದುಗಡೆ ಒಂದು ವೈರಿನ ತುಂಡು ಕಂಡಿತು. ಎಳೆದ. ತುದಿಯಲ್ಲಿ ತಾಮ್ರ ಕರಗಿ ಕಾಳಿನಷ್ಟು ಗುಂಡಗಾಗಿತ್ತು. ಸಿಕ್ಕಿತು! ಪೆನ್ಸಿಲಿಗೆ ಸಿಕ್ಕಿದ್ದು ತನಗೂ ಸಿಕ್ಕಿತು. ಆ ಖುಷಿಯಲ್ಲಿ ವೈರಿನ ಇನ್ನೊಂದು ತುದಿ ಎಲ್ಲಿಗೆ ಹೋಗಿದೆ ಎಂದು ನೋಡುವುದನ್ನೇ ಮರೆತ. ಬೀರುವಿನ ಹಿಂದೆ ವೈರು ಸುಟ್ಟು ಬೆಂಕಿ ಹತ್ತಿದೆ ಎಂದು ವರದಿ ಬರೆದು ಸಹಿ ಹಾಕಿದ.

ಮರುದಿನ ಕೋರ್ಟಿನಂತೆ ಪ್ರಶ್ನೆ. ಒಂದು ಉದ್ದ ಮೇಜಿನ ಹಿಂದೆ ಯಾಕಮ್ಮ ಮತ್ತು ಇನ್ನಿಬ್ಬರು. ತಮ್ಮದು ಮುಗಿಸಿದ ಅಭ್ಯರ್ಥಿಗಳು ಹಿಂದಿನ ಬೆಂಚಿನಲ್ಲಿ ಕೂತು ಉಳಿದವರದನ್ನು ಕೇಳಬಹುದಿತ್ತು. ಬೆಳಿಗ್ಗೆಯೇ ಮುಗಿಸಿಕೊಂಡ ಪೆನ್ಸಿಲ್ ಅಲ್ಲಿದ್ದ. ಆಯಿತಲ್ಲ, ಎದ್ದು ಮನೆಗೆ ಹೋಗಬಾರದೇ ಎಂದುಕೊಂಡು ನೀರಣ್ಣ ಕಟಕಟೆಯಂಥ ಜಾಗದಲ್ಲಿ ನಿಂತ.

"ಬೀರು ಹಿಂದಿನ ವೈರು ಅಂತೀರಿ," ಎಂದಳು ಯಾಕಮ್ಮ. "ಆ ವೈರಿಗೆ ಕರೆಂಟ್ ಎಲ್ಲಿಂದ ಬರ್ತಿತ್ತು?"

"ಪ್ಲಗ್ಗಿಂದ ಮೇಡಮ್."

"ಯಾವ ಪ್ಲಗ್ಗು? ಆ ಗೋಡೆಗೆ ಪ್ಲಗ್ಗೇ ಇಲ್ಲ. ಅದು ಎಲ್ಲಿಗೂ ಸೇರದ ತುಂಡು ವೈರು. ಮೇಲಿಂದ ಉರಿಯೋದು ಬಿದ್ದು ಕರಗಿದೆ."

ನೀರಣ್ಣ ಮೇಜಿನ ಮೇಲಿದ್ದ ತನ್ನ ವರದಿಯತ್ತ ನೋಡಿದ.

"ಇರಲಿ. ವೈರು ಸಿಕ್ಕಿದ್ದು ಅಗೆದ ಮೇಲೆ," ಎಂದಳು ಅವಳು, ಕನ್ನಡಕ ಮೇಲಕ್ಕೆ ಏರಿಸಿ. "ಅಗೆಯೋಕೆ ಮುಂಚೆ? ಕೋಣೇಲೆಲ್ಲ ಕಡಿಮೆ ಸುಟ್ಟಿದ್ದು ಆ ಮೂಲೆ. ಜಾಸ್ತಿ ಸುಟ್ಟಿದ್ದು ಕಿಟಕಿ ಕಡೆ. ನೀವು ಮೊದಲನೇ ಫೋಟೋ ತೆಗ್ದಿರೋದೂ ಮೇಜಿಂದೇ. ಅದನ್ನ ಬಿಟ್ಟು ಬೀರು ಹತ್ರ ಯಾಕೆ ಹೋದ್ರಿ?"

ಹೇಳಬಹುದಾದ ಸುಳ್ಳುಗಳು ಸಾಕಷ್ಟಿದ್ದವು. ಅಲ್ಲಿ ವಾಸನೆ ಬೇರೆ ಥರ ಇತ್ತು ಎನ್ನಬಹುದು. ಎಲ್ಲ ಮೂಲೆಗಳನ್ನೂ ಪರೀಕ್ಷಿಸುವುದು ನನ್ನ ಪದ್ಧತಿ ಎನ್ನಬಹುದು. ಪ್ರಶ್ನೆ ಕೇಳುವ ಇನ್ನಿಬ್ಬರಲ್ಲಿ ಒಬ್ಬಾತ ಕನಿಕರದಿಂದ "ಮೇಜಿನ ಬಗ್ಗೆ ಈಗ ಏನನ್ಸುತ್ತೆ? ಬೇಕಾದ್ರೆ ತಿದ್ದಿ ಹೇಳಬಹುದು," ಎಂದು ಬಾಗಿಲನ್ನೂ ತೆರೆದುಕೊಟ್ಟ. ನೀರಣ್ಣನಿಗೆ ಅರಿವಿಲ್ಲದೆ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಅಲ್ಲಿ ಪೆನ್ಸಿಲ್ ಚಡಪಡಿಸುತ್ತ, ಯಾರಿಗೂ ಕಾಣದಂತೆ ತೊಡೆಯ ಮೇಲೆ ಕೈಯಿಟ್ಟು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದ. ಇಸ್ತ್ರಿ! ಇಸ್ತ್ರಿ ಅಣ್ಣಾ! ತುಟಿಯೂ ಅದನ್ನೇ ಹೇಳುತ್ತಿತ್ತು.

ನೀರಣ್ಣನಿಗೆ ನಖಶಿಖಾಂತ ಉರಿದುಹೋಯಿತು. ಗೆದ್ದಿದ್ದಾನೆ, ಗೆದ್ದ ಮೇಲೆ ಒಳ್ಳೆಯವನೂ ಆಗಬೇಕೇ ಇವನು? ಇವನ ಕೈಸನ್ನೆಯಿಂದ ಪಾಸಾಗಿ, ಆಮೇಲೆ ಪ್ರತಿ ಭಾನುವಾರ ಇವನ ಎದುರು ಕೂತು ಉಣ್ಣುವುದೇ? ಅದಕ್ಕಿಂತ ಉಗ್ರಾಣವೇ ವಾಸಿ. ನೀರಣ್ಣ ಮುಂದೆ ನಿಜ ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು.

"ನನ್ನ ಷಡ್ಡಕ ಅಲ್ಲಿ ಮಂಡಿಯೂರಿದ್ದ ಮೇಡಮ್," ಎಂದ. "ಗುರುತು ನೋಡ್ದೆ. ಅದಕ್ಕೇ ಹೋದೆ."

ಯಾಕಮ್ಮ ಕಾಗದದಿಂದ ತಲೆಯೆತ್ತಿದಳು. "ಯಾರು?"

"ನನಗಿಂತ ಮುಂಚೆ ಹೋದವನು. ನನ್ನ ಹೆಂಡತಿ ತಂಗಿ ಗಂಡ. ಇಸ್ತ್ರಿ ಪೆಟ್ಟಿಗೆ ನಾನು ಬಾಗಿಲಲ್ಲಿ ನಿಂತಾಗಲೇ ನೋಡಿದ್ದೆ. ಆದ್ರೆ ಅವನಿಗೆ ಏನೋ ಸಿಕ್ಕಿದೆ, ನನಗೆ ಸಿಕ್ಕಿಲ್ಲ ಅಂತ ಹೊಟ್ಟೆಕಿಚ್ಚಾಯ್ತು."

ಯಾರೋ ಕಿಸಕ್ಕೆಂದರು. ಯಾಕಮ್ಮ ನಗಲಿಲ್ಲ. ಬದಲಿಗೆ ಮುಂದಕ್ಕೆ ಬಾಗಿ, "ಏನೇನು ಗುರುತು ನೋಡಿದ್ರಿ?" ಎಂದಳು.

ಇನ್ನು ಮುಚ್ಚಿಡುವುದೇನಿದೆ? ನೀರಣ್ಣ ಎಲ್ಲವನ್ನೂ ಹೇಳಿದ. ಬಲ ಮೊಣಕಾಲು ಆಳ, ಎಡದ್ದು ಸೋಕಿದಷ್ಟೇ. ಎಡ ಅಂಗೈ ನೆಲಕ್ಕೆ ಊರಿ ಬಲಗೈಯನ್ನು ಬೀರುವಿನ ಕೆಳಗೆ ಚಾಚಿದ್ದಾನೆ, ಯಾಕೆಂದರೆ ಬೀರುವಿನ ಕೆಳ ಅಂಚಿನ ಮಸಿ ಒಂದು ತೋಳಿನಷ್ಟು ಒರೆಸಿಹೋಗಿತ್ತು. ಮೊದಲನೆಯ ಸಲ ಕೈಗೆ ಎಟುಕಿಲ್ಲ. ಎದ್ದು ಹೋಗಿ ಏನೋ ತಂದು ಮತ್ತೆ ಕೂತಿದ್ದಾನೆ. ಬೂದಿಯಲ್ಲಿ ಸಣ್ಣದೊಂದು ಗೀರು ಇತ್ತು, ಹೊರಕ್ಕೆ ಎಳೆದ ಹಾಗೆ.

ಯಾಕಮ್ಮ ಹಿಂದಿನ ಬೆಂಚಿನತ್ತ ನೋಡಿದಳು. "ಏನು ಮಾಡ್ತಿದ್ರಿ ಅಲ್ಲಿ?"

ಪೆನ್ಸಿಲ್ ಎದ್ದು ನಿಂತ. ಮುಖ ಕಿವಿಯವರೆಗೂ ಕೆಂಪಾಗಿತ್ತು. "ಬಗ್ಗಿದಾಗ ಪೆನ್ಸಿಲ್ ಬಿತ್ತು ಮೇಡಮ್. ಬೀರು ಕೆಳಗೆ ಉರುಳಿ ಹೋಯ್ತು. ಕೈಗೆ ಸಿಗ್ಲಿಲ್ಲ, ಆಮೇಲೆ ಕರಣೆ ತಂದು ಎಳ್ಕೊಂಡೆ."

ಸಹಾಯಕನೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಒಂದು ಪೆನ್ಸಿಲಿಗಾಗಿ ಹುದ್ದೆ ಹೋಯಿತು.

"ನಿಮಗೆ ಗುರುತು ಓದೋಕೆ ಚೆನ್ನಾಗಿ ಬರುತ್ತೆ," ಎಂದಳು ಯಾಕಮ್ಮ, ನಗು ಅಡಗಿದ ಮೇಲೆ. "ಆದ್ರೆ ಕೋಣೆ ಓದಿ ಅಂತ ಕಳ್ಸಿದ್ರೆ ಷಡ್ಡಕನ್ನ ಓದ್ಕೊಂಡು ಬಂದಿದೀರಿ. ಪಾಸು ಮಾಡೋಕಾಗಲ್ಲ. ಆರು ತಿಂಗಳು ಬಿಟ್ಟು ಬನ್ನಿ. ನಿಮಗೆ ಬೇರೆ ಕೋಣೆ ಕೊಡ್ತೀನಿ, ಒಬ್ಬರಿಗೇ."

ಪೆನ್ಸಿಲ್ ಪಾಸಾದ, ಹುದ್ದೆಯೂ ಅವನದಾಯಿತು. ಮಾವ ತಮ್ಮ ಅಂಗಡಿಯ ಅತ್ಯಂತ ಒಳ್ಳೆಯ ಮರದ ಕಟ್ಟು ಹಾಕಿ ಸರ್ಟಿಫಿಕೇಟನ್ನು ಸಿದ್ಧಮಾಡಿದರು. ಆ ಭಾನುವಾರ ಮಾವ ಕುರ್ಚಿ ಹತ್ತಿ ಮೊಳೆ ಹೊಡೆದರು, ಕುರ್ಚಿ ಅಲ್ಲಾಡದಂತೆ ಹಿಡಿದುಕೊಂಡವನು ನೀರಣ್ಣ. ಅವನ ಹಣೆಬರಹ ನೋಡಿ! ಫ್ರೇಮಿನ ಕೆಳ ಅಂಚು ಸರಿಯಾಗಿ ಅವನ ಕಿವಿಯ ಎತ್ತರಕ್ಕೆ ಬಂತು. "ಪಕ್ಕದಲ್ಲಿ ಜಾಗ ಬಿಟ್ಟಿದೀನಪ್ಪಾ, ನಿನ್ನದೂ ಬರುತ್ತೆ," ಎಂದರು ಮಾವ. ಅವತ್ತು ನೀರಣ್ಣ ಭುಜ ನೋವು ಎಂದು ಹೇಳಿ ಊಟದಿಂದ ಅರ್ಧಕ್ಕೇ ಎದ್ದ.

ಉಗ್ರಾಣದ ದಿನಗಳನ್ನು ವರ್ಣಿಸಿ ಪ್ರಯೋಜನವಿಲ್ಲ. ಪೆನ್ಸಿಲ್ ವಾರಕ್ಕೆರಡು ಸಲ ಬಂದು ಕೈಗವಸು, ಚೀಲ ಕೇಳುತ್ತಿದ್ದ. "ಅಣ್ಣಾ, ನಿನ್ನೆ ಸುಟ್ಟ ಗೋಡೌನಿಗೆ ಬನ್ನಿ, ಒಂಚೂರು ನೋಡಿ ಹೇಳಿ," ಎಂದು ಕರೆಯುತ್ತಿದ್ದ. "ಇಲ್ಲಿ ಕೆಲಸ ಇದೆಯಪ್ಪಾ," ಎಂದು ನೀರಣ್ಣ ಖಾಲಿ ಡಬ್ಬಿಗಳನ್ನು ಜೋಡಿಸುತ್ತಿದ್ದ. ಒಂದು ಕೆಲಸ ಮಾತ್ರ ಮಾಡಿದ. ಮನೆಯಲ್ಲಿ ಮೇಜನ್ನು ಕಿಟಕಿಯಿಂದ ಎತ್ತಿ ಅಡುಗೆಮನೆಗೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಓದತೊಡಗಿದ. ಹೆಂಡತಿ ನೋಡಿಯೂ ನೋಡದವಳಂತೆ ಒಲೆಯ ಮುಂದೆ ಸದ್ದಿಲ್ಲದೆ ಓಡಾಡುತ್ತಿದ್ದಳು.

ಮತ್ತೆ ಮೈದಾನ, ಮತ್ತೆ ಕಬ್ಬಿಣದ ಬಾಗಿಲು. ಒಳಗೆ ಬೂದಿಯ ಮೇಲೆ ಒಂದೇ ಒಂದು ಹೆಜ್ಜೆಯಿಲ್ಲ. ನೀರಣ್ಣ ಬಾಗಿಲಲ್ಲಿ ನಿಂತು, ನಾಚಿಕೆ ಬಿಟ್ಟು ಹೇಳುವುದಾದರೆ, ಮೊದಲು ಅದನ್ನೇ ಹುಡುಕಿದ. ಯಾರೂ ಬಂದಿರಲಿಲ್ಲ. ಹೆಚ್ಚು ಕಂಡವನು, ಬೇಗ ಕಂಡವನು ಯಾರೂ ಇರಲಿಲ್ಲ. ಎಲ್ಲಿ ನೋಡಬೇಕೆಂದೇ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹತ್ತಿರದಲ್ಲಿದ್ದ, ಸುಡದೆ ಉಳಿದ ಬಾಗಿಲ ಚೌಕಟ್ಟಿನಿಂದ ಶುರುಮಾಡಿದ. ಪ್ರಶ್ನೆಯ ದಿನ ಯಾಕಮ್ಮನ ಯಾಕೆಗಳಿಗೆಲ್ಲ ಫೋಟೋ ತೋರಿಸಿ ಉತ್ತರ ಕೊಟ್ಟ. ಒಂದಕ್ಕೆ ಮಾತ್ರ "ಅದು ಗೊತ್ತಾಗ್ಲಿಲ್ಲ ಮೇಡಮ್," ಎಂದ. ಅವಳು ಏನೋ ಗುರುತು ಹಾಕಿಕೊಂಡು, "ಇದನ್ನ ಹೇಳೋಕೆ ಬಂದ್ರೆ ಸಾಕು," ಎಂದಳು. ಬಾಜೂ ಠಾಣೆಗೆ ತನಿಖೆಗಾರ ಬೇಕಾಗಿತ್ತು. ಉಗ್ರಾಣದ ಬೀಗದ ಕೈಯನ್ನು ನೀರಣ್ಣ ಅದೇ ವಾರ ಒಪ್ಪಿಸಿದ.

ಭಾನುವಾರ ಮಾವನ ಮನೆಗೆ ಹೋದಾಗ ಫ್ರೇಮು ಸಿದ್ಧವಾಗಿತ್ತು. ಅದೇ ಮರ, ಅದೇ ಗಾಜು. ಹೆಂಗಸರು ಅಡುಗೆಮನೆಯಲ್ಲಿದ್ದರು, ಪೆನ್ಸಿಲ್ ಸುತ್ತಿಗೆ ಹುಡುಕಲು ಒಳಗೆ ಹೋಗಿದ್ದ. ಮಾವನಿಗೆ ಮಂಡಿನೋವು, ಕುರ್ಚಿ ಹತ್ತಲಾಗದೆ ಎಷ್ಟೋ ದಿನವಾಗಿತ್ತು. ನೀರಣ್ಣ ತನಗೆ ಬಿಟ್ಟ ಜಾಗ ನೋಡೋಣ ಎಂದು ಗೋಡೆಯ ಎದುರು ನಿಂತ.

ಏನೋ ಸರಿಯಿರಲಿಲ್ಲ. ಪೆನ್ಸಿಲಿನ ಫ್ರೇಮಿನ ಕೆಳ ಅಂಚು ಕಿವಿಗೆ ಸಮವಾಗಿರಬೇಕಿತ್ತು. ಈಗ ಅದು ತಲೆಗೂದಲಿಗೆ ಸಮವಾಗಿತ್ತು. ನೀರಣ್ಣ ಹತ್ತಿರ ಹೋದ. ಎದುರು ಕಿಟಕಿಯ ಬಿಸಿಲಿಗೆ ಗೋಡೆಯ ಬಣ್ಣ ಮಾಸಿತ್ತು, ಆದರೆ ಫ್ರೇಮಿನ ಕೆಳಗೆ ನಾಲ್ಕು ಬೆರಳಗಲದ ಒಂದು ಪಟ್ಟಿ ಮಾಸದೆ ಹೊಸದಾಗಿ ಉಳಿದಿತ್ತು. ಬಿಳೀ ಜಾಗ. ಇದುವರೆಗೂ ಯಾವುದೋ ವಸ್ತು ಅಲ್ಲೇ ಇತ್ತು, ಈಚೆಗೆ ಯಾರೋ ಸರಿಸಿದ್ದಾರೆ. ಫ್ರೇಮನ್ನು ಮೆಲ್ಲಗೆ ಓರೆ ಮಾಡಿ ನೋಡಿದ. ಹಿಂದೆ ಹಳೆಯ ಮೊಳೆಯ ತೂತು, ಅದಕ್ಕಿಂತ ನಾಲ್ಕು ಬೆರಳು ಮೇಲೆ ಹೊಸ ಮೊಳೆ. ಗೋಡೆಗೆ ತಾಗಿದ್ದ ದಿವಾನಿನ ಮೇಲೆ ಒಂದು ಚಿಟಿಕೆ ಗಾರೆಯ ಪುಡಿ. ದಿವಾನಿಗೆ ಹೊದಿಸಿದ್ದ ಮಖಮಲ್ಲು ಎರಡು ಕಡೆ ತಗ್ಗಾಗಿ ಬಣ್ಣ ಬದಲಿಸಿತ್ತು. ಬಲಗಡೆಯದು ಆಳ. ಎಡಗಡೆಯದು ಸೋಕಿದಷ್ಟೇ.

ನೀರಣ್ಣನ ಸರ್ಟಿಫಿಕೇಟು ಬರುತ್ತದೆಂದು ತಿಳಿದ ಮೇಲೆ, ಇವತ್ತೋ ನಿನ್ನೆಯೋ, ಯಾರೂ ಇಲ್ಲದಾಗ, ಆ ಒಳ್ಳೆಯ ಹುಡುಗ, ಆ ಸುಳ್ಳು ಹೇಳದವನು, ದಿವಾನು ಹತ್ತಿ ಮಂಡಿಯೂರಿ ತನ್ನದನ್ನು ನಾಲ್ಕು ಬೆರಳು ಮೇಲೆ ಏರಿಸಿಕೊಂಡಿದ್ದಾನೆ! ಎಷ್ಟು ದಿನದಿಂದ ಇತ್ತೋ ಅವನ ಹೊಟ್ಟೆಯಲ್ಲಿ ಇದು. ಪ್ರತಿ "ಊಟ ಆಯ್ತಾ" ಹಿಂದೆಯೂ ಇತ್ತೋ ಏನೋ. ನೀರಣ್ಣನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದಂತಾಯಿತು.

"ಹ್ಞಾ, ಸುತ್ತಿಗೆ ಸಿಕ್ತು," ಎನ್ನುತ್ತ ಪೆನ್ಸಿಲ್ ಬಂದ. ಕುರ್ಚಿ ಎಳೆದು ಹತ್ತಿದ. "ಎಲ್ಲಿ ಹೊಡೀಲಿ ಅಣ್ಣಾ?"

"ಎರಡೂ ಒಂದೇ ಸಾಲಲ್ಲಿ ಇರ್ಲಿ," ಎಂದರು ಮಾವ, ಕೂತಲ್ಲಿಂದಲೇ.

ನೀರಣ್ಣ ಕುರ್ಚಿ ಅಲ್ಲಾಡದಂತೆ ಹಿಡಿದುಕೊಂಡ. "ಬೇಡ ಮಾವ. ಅವನದು ಇದ್ದಲ್ಲೇ ಇರ್ಲಿ, ಮೇಲೇ ಚೆನ್ನಾಗಿದೆ. ನನ್ನದನ್ನ ಆ ಹಳೇ ತೂತಿನ ಸಮಕ್ಕೆ ಹಾಕಿದ್ರೆ ಸಾಕು."

ಕುರ್ಚಿಯ ಮೇಲಿದ್ದವನ ಕೈ ನಿಂತಿತು. ಕೆಳಗೆ ನೋಡಿದ. ನೀರಣ್ಣ ಮಖಮಲ್ಲಿನ ಮೇಲಿನ ಎರಡು ತಗ್ಗುಗಳನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿದ. ಪೆನ್ಸಿಲಿನ ಕಿವಿಗಳು ಕೆಂಪಾದವು, ಎಷ್ಟು ಕೆಂಪಾದವೆಂದರೆ ಹಿಂದೆ ಸಿಕ್ಕಿಸಿದ್ದ ಪೆನ್ಸಿಲೂ ನಿಲ್ಲಲಾರದೆ ಜಾರಿ ಬಿದ್ದು ದಿವಾನಿನ ಕೆಳಗೆ ಉರುಳಿಹೋಯಿತು. ಅವನು ಕುರ್ಚಿಯಿಂದ ಇಳಿದು, ಬಲ ಮೊಣಕಾಲೂರಿ, ಎಡ ಅಂಗೈ ನೆಲಕ್ಕಿಟ್ಟು ಒಳಗೆ ಕೈ ಚಾಚಿದ.

"ನಿಧಾನ ತಮ್ಮಾ," ಎಂದ ನೀರಣ್ಣ. ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಟಾರ್ಚು ಬೇಕಾ?"

"ಬೇಡ ಅಣ್ಣಾ," ಎಂಬ ದನಿ ದಿವಾನಿನ ಕೆಳಗಿನಿಂದ ಬಂತು. "ಸಿಕ್ತು."

ಅಂದು ನೀರಣ್ಣ ಎರಡೆರಡು ಸಲ ಬಡಿಸಿಕೊಂಡು ಉಂಡ.